ಹಳೇ ಲೇತಿಗೆ ಯಾವ ಆಯಿಲ್, ಎಲ್ಲಿಗೆ, ಎಷ್ಟು: ಕೊಡಗಿನ ವರ್ಕ್‌ಶಾಪಿಗೆ ಹಂತ ಹಂತದ ಮಾರ್ಗದರ್ಶಿ

ಕೊಡಗಿನ ತೋಟದ ಶೆಡ್ಡುಗಳಲ್ಲಿ, ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹಳೇ ಲೇತ್ ಹಾಳಾಗುವ ರೀತಿ ಹೆಚ್ಚುಕಡಿಮೆ ಒಂದೇ. ಟ್ರ್ಯಾಕ್ಟರಿಗೋ ಪಂಪ್‌ಸೆಟ್ಟಿಗೋ ತಂದಿಟ್ಟ 20ಡಬ್ಲ್ಯು-40 ಎಂಜಿನ್ ಆಯಿಲ್ ಹೆಡ್‌ಸ್ಟಾಕಿಗೆ (ಸ್ಪಿಂಡಲ್ ಇರುವ ಎಡತುದಿಯ ಪೆಟ್ಟಿಗೆ) ಹೋಗುತ್ತದೆ. ಗೇರ್ ಇದೆಯಲ್ಲ ಎಂದು ಏಪ್ರನ್‌ಗೆ (ಉಳಿ ಹೊತ್ತು ಜರುಗುವ ಕ್ಯಾರೇಜಿನ ಮುಂಭಾಗದ ಗೇರ್ ಪೆಟ್ಟಿಗೆ) 90 ನಂಬರಿನ ಗೇರ್ ಆಯಿಲ್ ಬೀಳುತ್ತದೆ. ಕ್ಯಾರೇಜ್ ಜರುಗುವ ಬೆಡ್ಡಿಗೆ ಕೈಗೆ ಸಿಕ್ಕಿದ್ದನ್ನು ಸವರುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆಯಿಲ್ ಹಾಲಿನಂತಾಗಿ, ಬುಷ್‌ಗೆ ಆಯಿಲ್ ಇಳಿಸುವ ಬತ್ತಿಗಳು ಕಟ್ಟಿಕೊಂಡು, ಚಕ್ ತಿರುಗಿಸುವ ಸ್ಪಿಂಡಲ್ ಬಿಸಿಯಾಗತೊಡಗುತ್ತದೆ. ಆಮೇಲೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಶಾಫ್ಟ್ ತಿರುಗಿಸಿದರೆ ಮೈ ಅಲೆಅಲೆಯಾಗಿ ಬರುತ್ತದೆ.

ಇಡೀ ಯಂತ್ರಕ್ಕೆ ಒಂದೇ ಆಯಿಲ್ ಹುಡುಕುವುದೇ ಮೊದಲ ತಪ್ಪು. ಲೇತಿನ ಒಂದೊಂದು ಜಾಗದಲ್ಲಿ ಒಂದೊಂದು ಬಗೆಯ ಉಜ್ಜಾಟ ನಡೆಯುತ್ತದೆ, ಅದನ್ನು ನೋಡಿ ಆಯಿಲ್ ಆರಿಸಬೇಕು. ನಮ್ಮ ಕಡೆ ಇದಕ್ಕೆ ಇನ್ನೊಂದು ಮಾತು ಸೇರುತ್ತದೆ: ಆಯಿಲ್ ನೀರನ್ನು ಬೇರ್ಪಡಿಸಿ ಕೆಳಕ್ಕೆ ಬಿಡಬೇಕು, ತನ್ನೊಳಗೆ ಕಲಸಿಕೊಳ್ಳಬಾರದು. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ತೊಳೆಯುವ ಮೊದಲು ಆಯಿಲ್ ಕೊಂಡು ಸುರಿದವರೇ ಹೆಚ್ಚಾಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಬೇಕಾದ ಸಾಮಾನು

ಹೈಡ್ರಾಲಿಕ್ ಆಯಿಲ್ 68, ಅಗತ್ಯಕ್ಕೆ ತಕ್ಕಂತೆ ಇದೇ ಜಾತಿಯ 32 ಅಥವಾ 46, ಜಾರುವ ಮೈಗಳಿಗೆ ಹಾಕುವ ಸ್ಲೈಡ್‌ವೇ ಆಯಿಲ್ 68 ಒಂದು ಲೀಟರ್, ಲಿಥಿಯಂ ಗ್ರೀಸ್ ಸ್ವಲ್ಪ (ಅಂಕಿಗಳ ಅರ್ಥ ಹಂತ 2ರಲ್ಲಿದೆ). ಮೂತಿ ಉದ್ದವಿರುವ ಎರಡು ಆಯಿಲ್ ಕ್ಯಾನ್, ತಳ್ಳಿ ಹಾಕುವ ಆಯಿಲ್ ಗನ್ ಒಂದು, ಪೇಂಟ್ ಬ್ರಷ್ ಎರಡು, ಅಯಸ್ಕಾಂತ, ಅಗಲ ಬಾಯಿಯ ಗಾಜಿನ ಬಾಟಲಿ ನಾಲ್ಕು, ಉಣ್ಣೆಯ ದಾರ, ಸಣ್ಣ ಜಾಲರಿಯ ಸೋಸುಕ, ಹಳೇ ಹತ್ತಿ ಬಟ್ಟೆ. ಬನಿಯನ್ ವೇಸ್ಟನ್ನು ಹೊರಮೈ ಒರೆಸಲು ಮಾತ್ರ ಇಟ್ಟುಕೊಳ್ಳಿ. ಅದರ ನೂಲೆಳೆ ಆಯಿಲ್ ತೂತಿಗೆ ಹೋದರೆ ಹೊರಗೆ ತೆಗೆಯುವುದು ಬಹಳ ಕಷ್ಟ.

68 ಹೈಡ್ರಾಲಿಕ್ ಆಯಿಲಿಗಾಗಿ ದೂರ ಹೋಗಬೇಕಿಲ್ಲ. ಜೆಸಿಬಿ, ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಬಕೆಟ್ ಲೆಕ್ಕದಲ್ಲಿ ಸಿಗುತ್ತದೆ. ಸರ್ವೋಸಿಸ್ಟಮ್ 68, ಎನ್‌ಕ್ಲೋ 68, ಟೆಲಸ್ 68 ಎಲ್ಲವೂ ಈ ಜಾತಿಯವೇ. ಬಕೆಟ್ ಮೇಲೆ 46 ಇದೆಯೋ 68 ಇದೆಯೋ ಓದಿ ಕೊಳ್ಳಿ, ಮಣ್ಣೆತ್ತುವ ಯಂತ್ರಗಳಿಗೆ ಎರಡೂ ಬಳಕೆಯಲ್ಲಿವೆ. ಸ್ಲೈಡ್‌ವೇ ಆಯಿಲ್‌ಗೆ ಮಾತ್ರ ಮೈಸೂರಿನ ಕೈಗಾರಿಕಾ ಆಯಿಲ್ ಅಂಗಡಿಗಳನ್ನು ಕೇಳಬೇಕಾದೀತು. ವ್ಯಾಕ್ಟ್ರಾ ನಂಬರ್ 2 ಎಂದು ಬರುವ ಆಯಿಲ್ 68ರ ಸ್ಲೈಡ್‌ವೇ ಆಯಿಲೇ. ಅದರ ಹೆಸರಿನ 2 ಮಂದತೆಯ (ಆಯಿಲ್ ಎಷ್ಟು ದಪ್ಪ ಎನ್ನುವುದರ) ಅಂಕಿಯಲ್ಲ.

ಹಂತ 1: ಲೇತಿನ ಆಯಿಲ್ ನಕ್ಷೆ ಬರೆಯಿರಿ

ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಹಾಳೆಯ ಮೇಲೆ ಲೇತಿನ ಚಿತ್ರ ಗೀಚಿ, ಹೆಡ್‌ಸ್ಟಾಕಿನಿಂದ ಶುರುಮಾಡಿ ಬಲತುದಿಯ ಟೇಲ್‌ಸ್ಟಾಕ್‌ವರೆಗೆ ಪ್ರತಿ ಆಯಿಲ್ ಕಪ್, ತೂತು, ನಿಪ್ಪಲ್, ಲೆವೆಲ್ ಗ್ಲಾಸ್, ಡ್ರೈನ್ ಪ್ಲಗ್ ಗುರುತು ಹಾಕಿ. ಪೇಂಟ್ ಮುಚ್ಚಿದ ತೂತುಗಳನ್ನು ಸೂಜಿಯಿಂದ ಬಿಡಿಸಿ. ಚೇಂಜ್ ಗೇರಿನ ಸ್ಟಡ್ ತುದಿ, ಕ್ರಾಸ್ ಸ್ಲೈಡ್ ಹ್ಯಾಂಡಲ್ ಹಿಂದಿನ ಕಾಲರ್, ಕ್ಯಾರೇಜ್ ಎಳೆಯುವ ಲೀಡ್ ಸ್ಕ್ರೂವಿನ ಬಲತುದಿಯ ಬ್ರ್ಯಾಕೆಟ್, ಈ ಮೂರನ್ನು ಬಹಳ ಜನ ಮರೆಯುತ್ತಾರೆ.

ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹಚ್ಚಬೇಡಿ. ಹಳೇ ಲೇತುಗಳಲ್ಲಿ ನಡುವೆ ಸಣ್ಣ ಗುಂಡು ಇರುವ ನಿಪ್ಪಲ್‌ಗಳು ಹೆಚ್ಚಾಗಿ ಆಯಿಲಿನವು. ಒಮ್ಮೆ ಗ್ರೀಸ್ ಹೊಕ್ಕರೆ ಸ್ಯಾಡಲ್ (ಬೆಡ್ ಮೇಲೆ ಕೂರುವ ಕ್ಯಾರೇಜಿನ ಭಾಗ) ಒಳಗಿನ ಕಿರಿದಾದ ದಾರಿ ಮುಚ್ಚಿಹೋಗಿ, ಆಮೇಲೆ ಎಷ್ಟು ಆಯಿಲ್ ಹಾಕಿದರೂ ಬೆಡ್ಡಿಗೆ ತಲುಪುವುದಿಲ್ಲ. ಈಗಾಗಲೇ ಹಾಕಿದ್ದರೆ ಸ್ಯಾಡಲ್ ಬಿಚ್ಚಿ ತಂತಿ ಹಾಯಿಸಿ ತೆಗೆಯಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಹೆಡ್‌ಸ್ಟಾಕ್ ಎಂಥದ್ದೆಂದು ಬರೆದುಕೊಳ್ಳಿ. ಮೆಟ್ಟಿಲು ಪುಲ್ಲಿಯ ಮೇಲೆ ಬೆಲ್ಟ್ ಹಾಕುವ, ಗನ್‌ಮೆಟಲ್ ಬುಷ್‌ನ ಲೇತೇ? ಹರಿಹರದ ಕಿರ್ಲೋಸ್ಕರ್, ಎಚ್‌ಎಂಟಿ ಮೊದಲಾದವರು ಮಾಡಿದಂಥ ಮುಚ್ಚಿದ ಗೇರ್ ಹೆಡ್ಡೇ? ಒಳಗೆ ಪ್ಲೇಟ್ ಕ್ಲಚ್ ಇದೆಯೇ? ಗರಿಷ್ಠ ಸುತ್ತು ಎಷ್ಟು? ಈ ನಾಲ್ಕು ಉತ್ತರದ ಮೇಲೆ ಹಂತ 3 ಮತ್ತು 4 ನಿಂತಿವೆ.

ಹಂತ 2: ಅಂಕಿಗಳನ್ನು ಓದಲು ಕಲಿಯಿರಿ

ಅಂಗಡಿಯಲ್ಲಿ ಆಗುವ ಎಡವಟ್ಟಿನ ಬಹುಪಾಲು ಇಲ್ಲಿದೆ. ಆಯಿಲಿನ ಮಂದತೆ ಹೇಳುವ ಅಂಕಿಗಳಲ್ಲಿ ಹಲವು ಪದ್ಧತಿಗಳಿವೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಐಎಸ್‌ಒ ವಿಜಿ 68 ಎಂದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಆಯಿಲಿನ ಮಂದತೆ 68 ಸೆಂಟಿಸ್ಟೋಕ್, ಶೇ. 10 ಆಚೀಚೆ. ಅಂಕಿ ದೊಡ್ಡದಾದಷ್ಟೂ ಆಯಿಲ್ ಮಂದ. ಒಳಗೆ ಏನು ಬೆರೆಸಿದ್ದಾರೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಹೈಡ್ರಾಲಿಕ್ 68, ಸ್ಲೈಡ್‌ವೇ 68, ಗೇರ್ ಆಯಿಲ್ 68, ಮೂರೂ ಒಂದೇ ಮಂದತೆಯವು, ಆದರೆ ಕೆಲಸ ಬೇರೆಬೇರೆ.

ಎಂಜಿನ್ ಆಯಿಲಿನ ಎಸ್‌ಎಇ ಅಂಕಿ ಬೇರೆ. ಎಸ್‌ಎಇ 20 ಸುಮಾರು ವಿಜಿ 68ಕ್ಕೆ ಸಮ, 30 ಸುಮಾರು 100ಕ್ಕೆ, 40 ಸುಮಾರು 150ಕ್ಕೆ. ಗೇರ್ ಆಯಿಲಿನದು ಮತ್ತೂ ಬೇರೆ ಅಳತೆ, ಅಲ್ಲಿಯ 90 ವಿಜಿ 150ರಿಂದ 220ರ ನಡುವೆ ಬೀಳುತ್ತದೆ. ಹಾಗಾಗಿ ಪ್ಲೇಟಿನ ಮೇಲೆ 68 ಎಂದಿರುವ ಲೇತಿಗೆ 90 ಹತ್ತಿರವೇ ಅಲ್ಲವೇ ಎಂದು ಸುರಿದವರು ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಮಂದ ಆಯಿಲ್ ಹಾಕಿರುತ್ತಾರೆ.

ಹಳೇ ಕೈಪಿಡಿಯಲ್ಲಿ ಸೇಬೋಲ್ಟ್ ಸೆಕೆಂಡ್ (ಮಂದತೆ ಅಳೆಯುವ ಹಳೇ ಪದ್ಧತಿ) ಲೆಕ್ಕವಿದ್ದರೆ, 150 ಎಂದರೆ ಈಗಿನ 32, 315 ಎಂದರೆ 68, 465 ಎಂದರೆ 100, 1000 ಎಂದರೆ ಸುಮಾರು 220. ಇಂಗ್ಲೆಂಡಿನ ಹಳೇ ಲೇತುಗಳ ಪ್ಲೇಟಿನಲ್ಲಿ ಟೆಲಸ್ 27, ಟೆಲಸ್ 33 ಎಂದಿರುತ್ತದೆ. ಇವು ಶೆಲ್ ಕಂಪನಿಯ ಹಳೇ ಗುರುತುಗಳು, ವಿಜಿ ಅಂಕಿಗಳಲ್ಲ. 27 ಈಗಿನ 32ರ ಹತ್ತಿರ, 33 ಈಗಿನ 68ರ ಹತ್ತಿರ. 33 ನೋಡಿ 32 ತಂದರೆ ಬೇಕಾದ ಮಂದತೆಯ ಅರ್ಧ ಮಾತ್ರ ಸಿಕ್ಕೀತು.

ಹಂತ 3: ಬೇಡವಾದ ಆಯಿಲ್‌ಗಳನ್ನು ಬದಿಗಿಡಿ

ಎಂಜಿನ್ ಆಯಿಲ್. ಮಸಿಯನ್ನೂ ಕಸವನ್ನೂ ತೇಲಿಸಿಕೊಂಡು ಫಿಲ್ಟರಿಗೆ ಒಯ್ಯುವಂತೆ ಇದರಲ್ಲಿ ಡಿಟರ್ಜೆಂಟ್ ಬೆರೆಸಿರುತ್ತಾರೆ. ಹಳೇ ಲೇತಿನ ಹೆಡ್‌ಸ್ಟಾಕಿನಲ್ಲಿ ಹೆಚ್ಚಾಗಿ ಫಿಲ್ಟರೇ ಇರುವುದಿಲ್ಲ. ಕಸ ತಳಕ್ಕೆ ಕೂರಬೇಕು, ಇಲ್ಲಿ ಅದು ತೇಲುತ್ತಾ ಬೇರಿಂಗಿಗೇ ಮರಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಇದು ನೀರನ್ನು ಕಲಸಿಕೊಂಡು ಹಾಗೇ ಇಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗುವುದರಿಂದ ಆ ನೀರು ಆರಿಹೋಗುತ್ತದೆ, ಲೇತ್ ಅಷ್ಟು ಬಿಸಿಯಾಗುವುದಿಲ್ಲ.

ನಂಬದಿದ್ದರೆ ಬಾಟಲಿಯಲ್ಲೇ ನೋಡಿ. 100 ಮಿಲಿ ಆಯಿಲ್, 100 ಮಿಲಿ ನೀರು ಹಾಕಿ ಒಂದು ನಿಮಿಷ ಜೋರಾಗಿ ಕುಲುಕಿ ಒಂದು ಗಂಟೆ ಇಡಿ. ಒಳ್ಳೇ ಹೈಡ್ರಾಲಿಕ್ ಆಯಿಲ್ ಮೇಲೆ, ನೀರು ಕೆಳಗೆ, ನಡುವೆ ತೆಳು ಗೆರೆ. ಎಂಜಿನ್ ಆಯಿಲ್ ಇದ್ದ ಬಾಟಲಿ ಚಹಾದ ಬಣ್ಣಕ್ಕೆ ತಿರುಗಿ ಹಾಗೇ ನಿಂತಿರುತ್ತದೆ. ಚೀಟಿ ಹರಿದುಹೋದ ಡಬ್ಬಿಯಲ್ಲಿ ಏನಿದೆ ಎಂದು ಅಂದಾಜು ಮಾಡಲಿಕ್ಕೂ ಇದೇ ದಾರಿ.

ವಾಹನದ 90 ಗೇರ್ ಆಯಿಲ್. ಜಿಎಲ್-5 ದರ್ಜೆಯ ಆಯಿಲಿನಲ್ಲಿ ಗಂಧಕ, ರಂಜಕದ ಸಂಯುಕ್ತಗಳು ಹೆಚ್ಚಿರುತ್ತವೆ. ಉಕ್ಕಿನ ಗೇರಿಗೆ ಒಳ್ಳೆಯದೇ, ಆದರೆ ಕಂಚು, ಗನ್‌ಮೆಟಲ್, ಹಿತ್ತಾಳೆಯನ್ನು ಬಿಸಿಯಲ್ಲಿ ನಿಧಾನಕ್ಕೆ ತಿನ್ನುತ್ತದೆ. ಲೀಡ್ ಸ್ಕ್ರೂವನ್ನು ಹಿಡಿಯುವ ಹಾಫ್ ನಟ್, ಏಪ್ರನ್‌ನ ವರ್ಮ್ ವೀಲ್, ಬುಷ್‌ಗಳು ಬಹುತೇಕ ಈ ಲೋಹಗಳವೇ. ಕ್ಲಚ್ ಇರುವ ಹೆಡ್‌ಸ್ಟಾಕಿಗೆ ಹಾಕಿದರೆ ಪ್ಲೇಟ್ ಜಾರುವುದೂ ಉಂಟು.

ಕಾಡುಕತ್ತರಿಸುವ ಮೆಷಿನ್ನಿನ 2ಟಿ ಆಯಿಲ್ ಪೆಟ್ರೋಲ್ ಜೊತೆ ಉರಿದುಹೋಗಲೆಂದು ಮಾಡಿದ್ದು, ಲೇತಿಗೆ ಅಲ್ಲ. ಮರ ಕೊಯ್ಯುವ ಗರಗಸದ ಚೈನ್ ಆಯಿಲ್ ಅಂಟುತ್ತದೆ ನಿಜ, ಆದರೆ ನಿಂತಲ್ಲೇ ಜಿಗುಟಾಗಿ ಹೊಟ್ಟು ಹಿಡಿದಿಡುತ್ತದೆ. ತೆಂಗಿನೆಣ್ಣೆ ಟ್ಯಾಪ್ ಹಾಕುವಾಗ ಉಪಯೋಗಕ್ಕೆ ಬರುತ್ತದೆ, ಆಯಿಲ್ ತೂತಿಗೆ ಮಾತ್ರ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಮಡಿಕೇರಿಯ ಜನವರಿ ಬೆಳಗ್ಗೆ ಬತ್ತಿಯೆಲ್ಲ ಬೆಣ್ಣೆ ಕಟ್ಟಿದಂತಾಗಿರುತ್ತದೆ. ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲ್ ಲೇತಿನ ಯಾವ ಜಾಗಕ್ಕೂ ಸಲ್ಲದು.

ಹಂತ 4: ಜಾಗಕ್ಕೆ ತಕ್ಕ ಆಯಿಲ್ ಆರಿಸಿ

ಲೇತಿನ ಪ್ಲೇಟ್ ಅಥವಾ ಕೈಪಿಡಿ ಇದ್ದರೆ ಅದರ ಮಾತೇ ಕೊನೆ. ಇಲ್ಲದಿದ್ದರೆ ಕೆಳಗಿನ ಆಯ್ಕೆಯಿಂದ ಶುರು ಮಾಡಿ, ಹಂತ 7ರ ಬಿಸಿ ಪರೀಕ್ಷೆಯಲ್ಲಿ ಸರಿಪಡಿಸಿಕೊಳ್ಳಿ.

1. ಮುಚ್ಚಿದ ಗೇರ್ ಹೆಡ್‌ಸ್ಟಾಕ್: ಗರಿಷ್ಠ ವೇಗ 1000 ಸುತ್ತಿನ ಒಳಗಿದ್ದರೆ ಹೈಡ್ರಾಲಿಕ್ 68. ಅದಕ್ಕಿಂತ ಮೇಲೆ, 1500-2000 ಸುತ್ತಿನವರೆಗೆ ಓಡಿಸುವುದಾದರೆ 46 ಅಥವಾ 32. ಗೇರಿಗೆ ಮಂದ ಆಯಿಲ್ ಬೇಕೆಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ. ಅದೇ ಆಯಿಲಿನಲ್ಲಿ ರೋಲರ್ ಬೇರಿಂಗೂ ತಿರುಗುತ್ತಿರುತ್ತದೆ, ಮಂದ ಆಯಿಲನ್ನು ಕಡೆಯುವ ಶಕ್ತಿಯೆಲ್ಲ ಬಿಸಿಯಾಗಿ ಬೇರಿಂಗಿಗೇ ತಟ್ಟುತ್ತದೆ.

2. ಬುಷ್ ಇರುವ ಹೆಡ್‌ಸ್ಟಾಕ್: ಇಲ್ಲಿ ಬುಷ್ ಮತ್ತು ಸ್ಪಿಂಡಲ್ ನಡುವಿನ ಸಂದು ನಿರ್ಧರಿಸುತ್ತದೆ. ನಿಧಾನ ಓಡುವ, 500-600 ಸುತ್ತಿನ ಒಳಗಿನ ಸಾಮಾನ್ಯ ಬೆಲ್ಟ್ ಲೇತಿಗೆ 68 ಸಾಕು. ಸಂದು ಬಿಗಿಯಾಗಿರುವ, ನಿಖರ ಕೆಲಸದ ಸಣ್ಣ ಲೇತಿಗೆ 22 ಅಥವಾ 32. ಬುಷ್ ಸವೆದಿದೆ ಎಂದು 150, 220 ಹಾಕಿ ಸದ್ದು ಅಡಗಿಸುವವರಿದ್ದಾರೆ. ಸದ್ದು ಅಡಗುತ್ತದೆ, ಸವೆತ ನಿಲ್ಲುವುದಿಲ್ಲ. ಚಕ್ ತೆಗೆದು, ಸ್ಪಿಂಡಲ್ ಮೇಲೆ ಡಯಲ್ ಗೇಜ್ ಇಟ್ಟು, ಮರದ ಹಿಡಿಯನ್ನು ಸ್ಪಿಂಡಲ್ ತೂತಿಗೆ ತೂರಿಸಿ ಮೇಲಕ್ಕೆತ್ತಿ ನೋಡಿ. ಮುಳ್ಳು 0.05 ಮಿಲಿಮೀಟರಿಗಿಂತ ಹೆಚ್ಚು ಏಳುತ್ತಿದ್ದರೆ ಬುಷ್ ಹೊಂದಿಸುವ ಕೆಲಸವಿದೆ. ಆಯಿಲ್ ಬದಲಿಸಿ ಅದನ್ನು ಮುಚ್ಚಲಾಗದು.

3. ಫೀಡ್ ಗೇರ್ ಬಾಕ್ಸ್, ಏಪ್ರನ್: ಎರಡಕ್ಕೂ ಹೈಡ್ರಾಲಿಕ್ 68. ಏಪ್ರನ್‌ನಿಂದಲೇ ಬೆಡ್ಡಿಗೆ ಪಂಪ್ ಆಗುವ ಮಾದರಿಯಾದರೆ ಮಾತ್ರ ಏಪ್ರನ್‌ಗೂ ಸ್ಲೈಡ್‌ವೇ 68 ಹಾಕಿ.

4. ಬೆಡ್, ಕ್ರಾಸ್ ಸ್ಲೈಡ್, ಟಾಪ್ ಸ್ಲೈಡ್, ಟೇಲ್‌ಸ್ಟಾಕ್ ಕ್ವಿಲ್: ಸ್ಲೈಡ್‌ವೇ 68. ನಿಧಾನ ಜರುಗುವ ಮೈಗಳ ನಡುವೆ ಸಾಮಾನ್ಯ ಆಯಿಲ್ ಹಿಂಡಿಹೋಗುತ್ತದೆ. ಆಗ ಕ್ಯಾರೇಜ್ ಒಮ್ಮೆ ಹಿಡಿದು ಒಮ್ಮೆ ಹಾರುತ್ತದೆ, ಫೇಸಿಂಗ್ ಮಾಡಿದ ಮೈ ಮೇಲೆ ಉಂಗುರ ಬೀಳುತ್ತದೆ. ಈ ಜಗ್ಗಾಟ ತಡೆಯುವ ಅಂಟು ಮತ್ತು ಜಾರಿಕೆ ಸ್ಲೈಡ್‌ವೇ ಆಯಿಲಿನಲ್ಲಿ ಇರುತ್ತದೆ. ಕೂಲೆಂಟ್ ಹರಿದರೂ ಬೇಗ ತೊಳೆದುಹೋಗುವುದಿಲ್ಲ. 220ರ ಸ್ಲೈಡ್‌ವೇ ಆಯಿಲ್ ನೆಟ್ಟಗೆ ನಿಂತ ಸ್ಲೈಡುಗಳಿಗೆ ಮಾಡಿದ್ದು, ಅಡ್ಡ ಮಲಗಿದ ಬೆಡ್ಡಿಗೆ ಬೇಡ.

5. ಲೀಡ್ ಸ್ಕ್ರೂ, ಹಾಫ್ ನಟ್: ಅದೇ ಸ್ಲೈಡ್‌ವೇ 68. ಮೊದಲು ಬ್ರಷ್‌ನಿಂದ ದಾರದ ಸಂದು ತೊಳೆದು ಆಮೇಲೆ ಹಚ್ಚಿ. ಗ್ರೀಸ್ ಹಚ್ಚಿದರೆ ಬೀಡಿನ ಪುಡಿ ಅದರಲ್ಲಿ ಸೇರಿ ಹಾಫ್ ನಟ್‌ಗೆ ಅರವಾಗುತ್ತದೆ.

6. ಚೇಂಜ್ ಗೇರ್: ಹಲ್ಲಿಗೆ ಲಿಥಿಯಂ ಗ್ರೀಸ್ ತೆಳುವಾಗಿ, ನಡುವಿನ ಸ್ಟಡ್ ಬುಷ್‌ಗೆ 68 ಆಯಿಲ್ ಹನಿ. ಗೇರಿನ ಮೇಲೆ ಕವರ್ ಇಲ್ಲದಿದ್ದರೆ ಗ್ರೀಸ್ ಬಿಟ್ಟು ಆಯಿಲ್ ಮಾತ್ರ.

7. ತಿರುಗದ ಸೆಂಟರ್ ಬಳಸುವವರು ಅದರ ತುದಿಗೆ ಒತ್ತಡ ತಡೆಯುವ ಗ್ರೀಸ್ ಹಚ್ಚಲೇಬೇಕು. ಮೋಟಾರ್ ಬೇರಿಂಗಿಗೆ ಗ್ರೀಸೇ ಹೊರತು ಆಯಿಲ್ ಅಲ್ಲ. ಸೀಲ್ ಮಾಡಿದ ಬೇರಿಂಗ್ ಆದರೆ ಏನೂ ಬೇಡ.

ಕೈಯಲ್ಲಿ ಹಣ ಕಡಿಮೆ ಇದ್ದರೆ ಮೊದಲು 68 ಹೈಡ್ರಾಲಿಕ್ ತನ್ನಿ, ಸ್ಲೈಡ್‌ವೇ ಆಯಿಲ್ ಆಮೇಲೆ ಬರಲಿ. ಬೆಡ್ಡಿಗೆ ಕೆಲವು ತಿಂಗಳು ಹೈಡ್ರಾಲಿಕ್ ಆಯಿಲ್ ಹಾಕಿದರೆ ದೊಡ್ಡ ಅಪಾಯವಿಲ್ಲ, ದಿನಕ್ಕೆರಡು ಬಾರಿ ಹಾಕಬೇಕಾದೀತು ಅಷ್ಟೇ. ಇದನ್ನು ತಿರುಗಿಸಿ ಸ್ಲೈಡ್‌ವೇ ಆಯಿಲನ್ನು ಹೆಡ್‌ಸ್ಟಾಕಿಗೆ ಹಾಕಬೇಡಿ. ಅದರ ಅಂಟು ಬತ್ತಿಗಳನ್ನೂ ಸಣ್ಣ ನಳಿಗೆಗಳನ್ನೂ ಕಟ್ಟಿಸುತ್ತದೆ.

ಹಂತ 5: ಹಳೇ ಆಯಿಲ್ ಇಳಿಸಿ, ಓದಿ, ತೊಳೆಯಿರಿ

ಅರ್ಧ ಗಂಟೆ ಲೇತ್ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಇಳಿಸಿದರೆ ಕಸವೂ ಜೊತೆಗೆ ಬರುತ್ತದೆ. ಸ್ಪಿಂಡಲ್ ಈಗಾಗಲೇ ಸುಡುತ್ತಿದ್ದರೆ ಅಥವಾ ಆಯಿಲ್ ಹಾಲಿನಂತಿದ್ದರೆ ಓಡಿಸಬೇಡಿ, ತಣ್ಣಗಿದ್ದಾಗಲೇ ಇಳಿಸಿ. ಓಡಿಸಿದ್ದರೆ ಸ್ವಿಚ್ ಆಫ್, ಫ್ಯೂಸ್ ಮತ್ತೆ ಜೇಬಿಗೆ, ಆಮೇಲೆ ಪ್ಲಗ್ ಬಿಚ್ಚಿ. ಮೊದಲು ಬರುವ ಒಂದು ಲೋಟದಷ್ಟನ್ನು ಬೇರೆ ಬಾಟಲಿಗೆ ಹಿಡಿದು ರಾತ್ರಿಯಿಡೀ ಅಲುಗದಂತೆ ಇಡಿ.

ಬೆಳಗ್ಗೆ ಬಾಟಲಿಯ ತಳ ನೋಡಿ. ತಳದಲ್ಲಿ ತಿಳಿ ಪದರ ಇದ್ದರೆ ಅದು ನೀರು. ಪೂರ್ತಿ ಕೆನೆಬಣ್ಣಕ್ಕಿದ್ದರೆ ನೀರು ಕಲಸಿಹೋಗಿದೆ ಎಂದರ್ಥ. ಅನುಮಾನವಿದ್ದರೆ ಬಿಸಿ ಮಾಡಿದ ತಗಡಿನ ಮೇಲೆ ದೂರದಿಂದ ಒಂದೇ ಹನಿ ಬಿಡಿ, ಕಣ್ಣಿಗೆ ಕನ್ನಡಕ ಇರಲಿ. ಚಟಚಟ ಎಂದರೆ ನೀರಿದೆ. ಬಾಟಲಿಯ ಹೊರಗೆ ಅಯಸ್ಕಾಂತ ಹಿಡಿಯಿರಿ. ಕಪ್ಪು ಪುಡಿ ಅಂಟಿದರೆ ಉಕ್ಕು, ಬೀಡು. ಸ್ವಲ್ಪ ಇದ್ದೇ ಇರುತ್ತದೆ. ಉಗುರಿಗೆ ತಾಗುವಷ್ಟು ಚಕ್ಕೆ ಬಂದರೆ ಗೇರ್ ಹಲ್ಲು ಮುರಿದಿದೆಯೇ ಎಂದು ಮುಚ್ಚಳ ತೆಗೆದು ನೋಡಿ. ಅಯಸ್ಕಾಂತಕ್ಕೆ ಬಾರದೆ ಹೊನ್ನಿನ ಪುಡಿಯಂತೆ ಮಿನುಗುವುದು ಬುಷ್ ಸವೆತ.

ತೊಳೆಯಲು ತೆಳು ಹೈಡ್ರಾಲಿಕ್ ಆಯಿಲ್ ಎಲ್ಲಕ್ಕಿಂತ ಒಳ್ಳೆಯದು. ಲೆವೆಲ್‌ವರೆಗೆ ತುಂಬಿ, ಅತಿ ನಿಧಾನದ ಸುತ್ತಿನಲ್ಲಿ 10 ನಿಮಿಷ, ಕೆಲಸ ಕಟ್ಟದೆ ಓಡಿಸಿ ಇಳಿಸಿ. ಸೀಮೆಎಣ್ಣೆಯಿಂದಲೋ ಡೀಸೆಲ್‌ನಿಂದಲೋ ತೊಳೆಯುವುದಾದರೆ ಮುಚ್ಚಳ ತೆಗೆದು ಬ್ರಷ್‌ನಿಂದ ಉಜ್ಜಿ ಮಾತ್ರ. ಅದನ್ನು ತುಂಬಿ ಲೇತ್ ಓಡಿಸಿದರೆ ಬೇರಿಂಗ್ ಒಣಗಿ ತಿರುಗುತ್ತದೆ. ಉಜ್ಜಿದ ಮೇಲೆ ಹತ್ತಿ ಬಟ್ಟೆಯಿಂದ ತಳದ ಮೂಲೆ ಒರೆಸಿ, ಬಾಗಿಲು ಕಿಟಕಿ ತೆರೆದು ಒಂದು ರಾತ್ರಿ ಆರಲು ಬಿಡಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಪುಡಿ ಬೇರಿಂಗಿನೊಳಕ್ಕೂ ಸ್ಯಾಡಲ್ ಅಡಿಗೂ ಹೋಗುತ್ತದೆ.

ಬುಷ್ ಲೇತಿನ ಬತ್ತಿಗಳನ್ನು ಈಗಲೇ ಬದಲಿಸಿ. ಉಣ್ಣೆ ದಾರವೇ ಬೇಕು. ನೈಲಾನ್, ಪ್ಲಾಸ್ಟಿಕ್ ದಾರ ಆಯಿಲನ್ನು ಅಷ್ಟಾಗಿ ಹೀರುವುದಿಲ್ಲ. ಹೊಸ ಬತ್ತಿಯನ್ನು ಹಾಕುವ ಆಯಿಲಿನಲ್ಲೇ ಒಂದು ರಾತ್ರಿ ನೆನೆಸಿ. ಕಪ್‌ನ ಒಳಗಿನ ತುದಿಗಿಂತ ನಳಿಗೆಯೊಳಗಿನ ತುದಿ ಕೆಳಗಿರಬೇಕು, ಇಲ್ಲದಿದ್ದರೆ ಆಯಿಲ್ ಇಳಿಯುವುದಿಲ್ಲ.

ಹಂತ 6: ತುಂಬಿಸುವುದು

ಡ್ರೈನ್ ಪ್ಲಗ್‌ಗೆ ಹೊಸ ವಾಷರ್ ಹಾಕಿ. ಆಯಿಲನ್ನು ಸೋಸುಕದ ಮೂಲಕ ಅರ್ಧ ಅರ್ಧ ಲೀಟರಿನಂತೆ ಹಾಕುತ್ತಾ, ಪ್ರತಿ ಬಾರಿ ಎರಡು ನಿಮಿಷ ತಡೆದು ಲೆವೆಲ್ ಗ್ಲಾಸ್ ನೋಡಿ. ಲೆವೆಲ್ ನಡುಗೆರೆಗೆ ಬಂದರೆ ಸಾಕು. ಹೆಚ್ಚಾದರೆ ಗೇರ್ ಅದನ್ನು ನೊರೆ ಎಬ್ಬಿಸಿ ಬಿಸಿ ಮಾಡುತ್ತದೆ, ಸ್ಪಿಂಡಲ್ ಮುಂಭಾಗದಿಂದ ಸೋರುತ್ತದೆ.

ಗ್ಲಾಸನ್ನು ನಂಬುವ ಮೊದಲು ಬಿಚ್ಚಿ ತೊಳೆಯಿರಿ. ವರ್ಷಗಳಿಂದ ಒಂದೇ ಮಟ್ಟದಲ್ಲಿ ಆಯಿಲ್ ನಿಂತ ಗ್ಲಾಸಿನಲ್ಲಿ ಕಂದು ಗೆರೆ ಕಟ್ಟಿರುತ್ತದೆ, ಆಯಿಲ್ ಖಾಲಿಯಾದರೂ ತುಂಬಿದಂತೆ ಕಾಣುತ್ತದೆ. ಸರಿಯಾದ ಆಯಿಲ್ ಹಾಕಿಯೂ ಬೇರಿಂಗ್ ಸುಟ್ಟುಕೊಳ್ಳುವುದು ಹೀಗೆ.

ಹಂತ 7: ಬಿಸಿ ಪರೀಕ್ಷೆ

ಫ್ಯೂಸ್ ಹಾಕಿ. ಅತಿ ನಿಧಾನದಲ್ಲಿ 10 ನಿಮಿಷ, ನಡು ವೇಗದಲ್ಲಿ 15 ನಿಮಿಷ, ನೀವು ದಿನಾ ಬಳಸುವ ಹೆಚ್ಚಿನ ವೇಗದಲ್ಲಿ 30 ನಿಮಿಷ ಓಡಿಸಿ. ಪ್ರತಿ ಹಂತದಲ್ಲಿ ಲೇತ್ ನಿಲ್ಲಿಸಿ, ಹೆಡ್‌ಸ್ಟಾಕಿನ ಮುಂದಿನ ಬೇರಿಂಗ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದು ಕೈ ಇಟ್ಟುಕೊಂಡೇ ಇರಬಹುದಾದರೆ ಸರಿ. ಎರಡು ಮೂರು ಸೆಕೆಂಡಿನಲ್ಲಿ ಕೈ ತೆಗೆಯಬೇಕಾದರೆ 60 ಡಿಗ್ರಿ ಹತ್ತಿರ ಬಂದಿದೆ, ನಿಲ್ಲಿಸಿ. ಲೆವೆಲ್ ಮತ್ತು ಬತ್ತಿ ಸರಿಯಿದ್ದು, ಬೇರಿಂಗ್ ಅತಿಯಾಗಿ ಬಿಗಿದಿಲ್ಲ ಎಂದಾದರೆ ಒಂದು ದರ್ಜೆ ತೆಳುವಿಗೆ ಇಳಿಯಿರಿ: 68 ಇದ್ದಲ್ಲಿ 46.

ಈ ಪರೀಕ್ಷೆಯನ್ನು ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮಾಡಿ ತೀರ್ಮಾನಕ್ಕೆ ಬರಬೇಡಿ. 20 ಡಿಗ್ರಿಯಲ್ಲಿ ಇದೇ 68 ಆಯಿಲ್ 40 ಡಿಗ್ರಿಯಲ್ಲಿ ಇದ್ದದ್ದಕ್ಕಿಂತ ಸುಮಾರು ಮೂರು ಪಟ್ಟು ಮಂದವಾಗಿರುತ್ತದೆ. ಚಳಿಗಾಲದಲ್ಲಿ ಮೊದಲ ಹತ್ತು ನಿಮಿಷ ನಿಧಾನದ ಸುತ್ತು ಕಡ್ಡಾಯ, ಆಯಿಲ್ ಬದಲಿಸುವ ಅಗತ್ಯವಿಲ್ಲ. ಕಾಫಿ ಕೊಯ್ಲಿನ ಹೊತ್ತಿಗೆ ತುರ್ತು ರಿಪೇರಿ ಬಂದಾಗ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಹಂತ 8: ಮಳೆಗಾಲದ ಲೆಕ್ಕದಲ್ಲಿ ಆರೈಕೆ

ವರ್ಷಕ್ಕೊಂದು ಬಾರಿ ಆಯಿಲ್ ಬದಲಿಸುವುದಾದರೆ ಅಕ್ಟೋಬರ್ ಒಳ್ಳೆಯದು. ಮಳೆಯ ನಾಲ್ಕು ತಿಂಗಳಲ್ಲಿ ಸೇರಿದ ನೀರು ಹೊರಗೆ ಹೋಗುತ್ತದೆ, ಪಲ್ಪರ್ ಕೆಲಸ ಶುರುವಾಗುವ ಮೊದಲು ಲೇತ್ ಸಿದ್ಧವಿರುತ್ತದೆ. ಮೇ ಕೊನೆಗೆ ಬತ್ತಿ, ಮುಚ್ಚಳ, ವಾಷರ್ ನೋಡಿಕೊಳ್ಳಿ. ಕುಶಾಲನಗರದ ಕಡೆ ಮಳೆ ಕಡಿಮೆ, ಇಷ್ಟು ಸಾಕು. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯವರು ಜುಲೈ, ಆಗಸ್ಟ್‌ನಲ್ಲಿ ಹದಿನೈದು ದಿನಕ್ಕೊಮ್ಮೆ, ಲೇತ್ ರಾತ್ರಿಯಿಡೀ ನಿಂತ ಮೇಲೆ, ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿ ಮೊದಲ ನಾಲ್ಕು ಚಮಚ ಹೊರಗೆ ಬಿಡಿ. ನೀರು ಆಯಿಲಿಗಿಂತ ಭಾರ, ತಳದಲ್ಲೇ ಇರುತ್ತದೆ. ಹಂತ 3ರಲ್ಲಿ ಹೇಳಿದ ನೀರು ಬಿಡುವ ಆಯಿಲ್ ಹಾಕಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ.

ದಿನದ ಕೆಲಸ ಸಣ್ಣದು. ಬೆಳಗ್ಗೆ ಬೆಡ್ ಒರೆಸಿ, ಸ್ಲೈಡ್‌ವೇ ಆಯಿಲ್ ತೆಳುವಾಗಿ ಹಚ್ಚಿ, ಕ್ಯಾರೇಜನ್ನು ಎರಡು ಬಾರಿ ತುದಿಯಿಂದ ತುದಿಗೆ ಓಡಿಸಿ. ನಕ್ಷೆಯ ಪ್ರತಿ ತೂತಿಗೆ ಎರಡು ಮೂರು ಹನಿ. ಸಂಜೆ ಕೂಲೆಂಟ್ ಒರೆಸದೆ ಹೋಗಬೇಡಿ. ಮಳೆಗಾಲದಲ್ಲಿ ಸ್ಯಾಡಲ್ ಅಡಿ ನಿಂತ ಕೂಲೆಂಟ್ ಒಂದೇ ರಾತ್ರಿಯಲ್ಲಿ ತುಕ್ಕಿನ ಗೆರೆ ಬರೆಯುತ್ತದೆ. ಕ್ಯಾರೇಜನ್ನು ಪ್ರತಿ ಸಂಜೆ ಬೇರೆ ಜಾಗದಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅಡಿಯಲ್ಲಿ ಬೆವರುತ್ತದೆ, ಆಯಿಲ್ ಸವರಿದ ಹತ್ತಿ ಬಟ್ಟೆ ಹೊದಿಸಿ. ಬಕೆಟ್, ಡಬ್ಬಿಗಳನ್ನೂ ನೆಲದಿಂದ ಮೇಲೆ, ಮುಚ್ಚಳ ಬಿಗಿ ಮಾಡಿ ಇಡಿ. ಎಷ್ಟೋ ಲೇತುಗಳಿಗೆ ನೀರು ಬಕೆಟ್ಟಿನಿಂದಲೇ ಬಂದಿರುತ್ತದೆ.

ಯಾವಾಗ ಲೇತ್ ನಿಲ್ಲಿಸಬೇಕು

ಗ್ಲಾಸಿನಲ್ಲಿ ಆಯಿಲ್ ಬೆಳ್ಳಗೆ ಕಂಡರೆ ಅಂದೇ ಇಳಿಸಿ. ಬೆಡ್ ಒರೆಸಿದ ಬಟ್ಟೆಯಲ್ಲಿ ಕೆಂಪು-ಕಂದು ಬಣ್ಣ ಬಂದರೆ ಸ್ಯಾಡಲ್ ಅಡಿಗೆ ಆಯಿಲ್ ತಲುಪುತ್ತಿಲ್ಲ, ದಾರಿ ಕಟ್ಟಿದೆ. ಕ್ಯಾರೇಜ್ ನಿಧಾನ ಫೀಡಿನಲ್ಲಿ ಜಗ್ಗಿದರೆ ಮೊದಲು ಗಿಬ್ (ಜಾರುವ ಮೈಗಳ ಸಂದು ಹೊಂದಿಸುವ ಪಟ್ಟಿ) ಬಿಗಿ ನೋಡಿ, ಆಮೇಲೆ ಆಯಿಲ್. ಸುಟ್ಟ ವಾಸನೆ ಬಂದು ಆಯಿಲ್ ಕಪ್ಪಾದರೆ ಬೇರಿಂಗ್ ಬಿಚ್ಚದೆ ಮತ್ತೆ ಓಡಿಸಬೇಡಿ. ಬುಷ್ ಲೇತಿನಲ್ಲಿ ಕಪ್‌ನ ಆಯಿಲ್ ದಿನಗಟ್ಟಲೆ ಇಳಿಯದಿದ್ದರೆ ಬತ್ತಿ ಸತ್ತಿದೆ. ಅಂಥ ಲೇತಿನಲ್ಲಿ ಬುಷ್ ತುದಿಯಿಂದ ಹನಿಹನಿ ಆಯಿಲ್ ಹೊರಬರುವುದು ರೋಗವಲ್ಲ, ಅದು ಕಸವನ್ನು ಹೊರತರುವ ದಾರಿ. ಅದನ್ನು ಸೀಲೆಂಟ್ ಹಚ್ಚಿ ಮುಚ್ಚಬೇಡಿ, ಕೆಳಗೆ ತಟ್ಟೆ ಇಡಿ.

ತಟ್ಟೆಗೆ ಬಿದ್ದದ್ದನ್ನೂ ಇಳಿಸಿದ ಆಯಿಲನ್ನೂ ತೋಡಿಗೆ, ಕಾಫಿ ಬುಡಕ್ಕೆ, ಬೇಲಿ ಕಂಬಕ್ಕೆ ಸುರಿಯಬೇಡಿ. ನಮ್ಮ ತೋಡುಗಳ ನೀರು ಕಾವೇರಿಗೋ ಬಾರಪೊಳೆಗೋ ಸೇರುವಂಥದ್ದು. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ. ಹೊಸ ಆಯಿಲಿನ ಹೆಸರು, ಅಂಕಿ, ಹಾಕಿದ ತಿಂಗಳನ್ನು ಪೇಂಟಿನಲ್ಲಿ ಹೆಡ್‌ಸ್ಟಾಕ್ ಮುಚ್ಚಳದ ಒಳಬದಿಗೆ ಬರೆದಿಡಿ. ಮುಂದಿನ ಬಾರಿ ಆ ಮುಚ್ಚಳ ತೆಗೆಯುವ ಟರ್ನರ್ ನೀವೇ ಆಗಿರಬೇಕೆಂದಿಲ್ಲ.